ಭಾವನ ಬಲ ಮಂಡಿ: ಒಂದು ಸೈಕಲ್ ಫಿಟ್ ಪ್ರಕರಣ

ಜುಲೈ ಮೊದಲ ವಾರ ಅಕ್ಕ ಫೋನ್ ಮಾಡಿದಳು. "ನಿಮ್ಮ ಭಾವ ಮಹಡಿ ಮೆಟ್ಟಿಲು ಇಳಿಯೋವಾಗ ಪಕ್ಕಕ್ಕೆ ತಿರುಗಿ ಇಳೀತಾರೆ ಕಣೋ, ಏಡಿ ಥರ. ಆ ಸೈಕಲ್ ಮಾರಿಬಿಡಿ ಅಂತ ನೀನಾದ್ರೂ ಹೇಳು."

ಸೈಕಲ್ ಕೊಡಿಸಿದ್ದೇ ನಾನು. ಹಾಗಾಗಿ ಆ ಸಂಜೆಯೇ ಅಲೆನ್ ಕೀ ಸೆಟ್ಟು, ಟೇಪು ಹಿಡಿದುಕೊಂಡು ಅವರ ಮನೆಗೆ ಹೋದೆ. ಮುಂದಿನ ಎರಡು ತಿಂಗಳು ನಡೆದದ್ದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದೆ. ಹೆಸರು ಹಾಕಬಾರದು ಅನ್ನುವ ಷರತ್ತಿನ ಮೇಲೆ ಭಾವ ಇದನ್ನು ಬರೆಯೋದಕ್ಕೆ ಒಪ್ಪಿದ್ದಾರೆ.

ಭಾವನಿಗೆ 46 ವರ್ಷ. ಮೈಸೂರಿನಲ್ಲಿ ಬ್ಯಾಂಕ್ ಕೆಲಸ. ಎತ್ತರ 170 ಸೆಂ.ಮೀ. ಜನವರಿಯಲ್ಲಿ ಸೆಕೆಂಡ್ ಹ್ಯಾಂಡ್ ರೋಡ್ ಬೈಕ್ ತಗೊಂಡರು. ಅಲ್ಯೂಮಿನಿಯಂ ಫ್ರೇಮ್, ಪೆಡಲ್ ಸಿಕ್ಕಿಸುವ ತೋಳು, ಅಂದರೆ ಕ್ರ್ಯಾಂಕ್, 172.5 ಮಿ.ಮೀ. ಮೊದಲ ಮೂರು ತಿಂಗಳು ವಾರಕ್ಕೆ 60 ಕಿ.ಮೀ. ಓಡಿಸುತ್ತಿದ್ದರು. ಮೇ ತಿಂಗಳಲ್ಲಿ ಯಾರೋ 200 ಕಿ.ಮೀ. ಬ್ರೆವೆ, ಅಂದರೆ ಗಡುವಿನೊಳಗೆ ಮುಗಿಸುವ ದೂರದ ಸವಾರಿಯ ವಿಷಯ ಹೇಳಿದರು. ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಆಯಿತು, ರೇಸಲ್ಲ. ಭಾವ ತಲೆಗೆ ಹಚ್ಚಿಕೊಂಡರು. ವಾರಕ್ಕೆ 60 ಇದ್ದದ್ದು ಒಂದೇ ಸಲ 150 ಆಯಿತು. ಅದೇ ತಿಂಗಳು ಕ್ಲೀಟ್, ಅಂದರೆ ಪೆಡಲ್‌ಗೆ ಸಿಕ್ಕಿಕೊಳ್ಳುವ ಅಡಿತುಂಡು ಇರುವ ಶೂ ಹಾಕಲು ಶುರು ಮಾಡಿದರು. ಜೂನ್ ಮಧ್ಯದಲ್ಲಿ ಬಲ ಮಂಡಿ ಮುಂಭಾಗದಲ್ಲಿ ನೋವು ಬಂತು. ಮೊದಮೊದಲು 40 ಕಿ.ಮೀ. ಆದ ಮೇಲೆ, ಆಮೇಲೆ 25ಕ್ಕೇ. ಚಾಮುಂಡಿ ಬೆಟ್ಟ ಹತ್ತಿದ ಮಾರನೇ ದಿನವಂತೂ ಏಡಿ ನಡಿಗೆ.

ಮೂಳೆ ಡಾಕ್ಟರಿಗೆ ತೋರಿಸಿಯಾಗಿತ್ತು. ಊತ ಇಲ್ಲ, ಮಂಡಿ ಸಿಕ್ಕಿಹಾಕಿಕೊಳ್ಳುವುದಿಲ್ಲ, ನಡೆಯುವಾಗ ಕೈಕೊಡುವುದಿಲ್ಲ. ಮೂರು ವಾರ ಬೆಟ್ಟ ಬೇಡ, ದೂರ ಬೇಡ, ತೊಡೆಗೆ ಬಲ ಬರುವ ವ್ಯಾಯಾಮ ಮಾಡಿ, ಸೈಕಲ್ ಸೀಟು ಯಾರಿಗಾದರೂ ತೋರಿಸಿ ಅಂದಿದ್ದರು. ಡಾಕ್ಟರ್ ಮೊದಲು, ಅಲೆನ್ ಕೀ ಆಮೇಲೆ. ಇದೇ ಸರಿಯಾದ ಕ್ರಮ. ಮಂಡಿ ಊದಿಕೊಂಡಿದ್ದರೆ ಸೀಟು ಎತ್ತಿ ಇಳಿಸಿ ಏನೂ ಆಗುವುದಿಲ್ಲ.

ಸೀಟು ಎಷ್ಟು ಕೆಳಗಿತ್ತು ಅಂದರೆ, ಅವರು ಗೇಟಿನ ಹತ್ತಿರ ಒಂದು ಸುತ್ತು ಹೊಡೆದದ್ದು ನೋಡಿದರೇ ಗೊತ್ತಾಗುತ್ತಿತ್ತು. ಪೆಡಲ್ ಕೆಳಗೆ ಹೋದಾಗಲೂ ಮಂಡಿ ಚೆನ್ನಾಗಿ ಮಡಿಸಿಯೇ ಇತ್ತು. ಕ್ರ್ಯಾಂಕ್ ತಿರುಗುವ ನಡುಬಿಂದುವಿನಿಂದ ಸೀಟಿನ ಮೇಲ್ಭಾಗಕ್ಕೆ ಟೇಪ್ ಹಿಡಿದೆ. 66.9 ಸೆಂ.ಮೀ.

"ಜನವರಿಯಲ್ಲಿ ನಾನೇ ಸರಿ ಮಾಡಿ ಕೊಟ್ಟಿದ್ದೆನಲ್ಲ ಭಾವ. ಸಿಗ್ನಲ್‌ನಲ್ಲಿ ಕಾಲು ಊರಕ್ಕೆ ಅಂತ ಇಳಿಸಿಕೊಂಡ್ರಾ?"

"ನಾನು ಮುಟ್ಟೇ ಇಲ್ಲ ಕಣೋ."

ನಾನು ನಂಬಲಿಲ್ಲ. ಹೊಸಬರು ಎಲ್ಲರೂ ಸೀಟು ಇಳಿಸಿಕೊಳ್ಳುತ್ತಾರೆ, ಎಲ್ಲರೂ ಇಲ್ಲ ಅಂತಾರೆ. ಜನವರಿಯಲ್ಲಿ ಹಿಮ್ಮಡಿ ಪೆಡಲ್ ಮೇಲಿಟ್ಟು, ಪೆಡಲ್ ಕೆಳಗೆ ಬಂದಾಗ ಕಾಲು ನೆಟ್ಟಗಾಗುವಷ್ಟು ಎತ್ತರಕ್ಕೆ ಕೂರಿಸಿದ್ದೆ. ಅದು ಎಷ್ಟು ಸೆಂ.ಮೀ. ಅಂತ ಬರೆದಿಟ್ಟುಕೊಂಡಿರಲಿಲ್ಲ. ಈ ಪ್ರಕರಣದಲ್ಲಿ ನನ್ನ ಮೊದಲನೇ ತಪ್ಪು ಅದು. ಎರಡನೆಯದು, ಭಾವನ ಮಾತನ್ನು ತಳ್ಳಿಹಾಕಿದ್ದು.

ಸೀಟು ತಗ್ಗಾದರೆ ಮಂಡಿಯ ಮುಂಭಾಗವೇ ಯಾಕೆ ನೋಯಬೇಕು? ಬಾವಿಯ ರಾಟೆ ನೆನಪಿಸಿಕೊಳ್ಳಿ. ಮಂಡಿಚಿಪ್ಪು ರಾಟೆ ಇದ್ದ ಹಾಗೆ. ತೊಡೆಯ ಮುಂದಿನ ಸ್ನಾಯು ಹಗ್ಗ, ಅದು ಚಿಪ್ಪಿನ ಮೂಲಕ ಕಾಲನ್ನು ಎಳೆಯುತ್ತದೆ. ಹಗ್ಗ ಹೆಚ್ಚುಕಡಿಮೆ ನೇರವಾಗಿದ್ದರೆ ರಾಟೆ ಮೇಲೆ ಭಾರ ಕಡಿಮೆ. ಬಾಗಿದಷ್ಟೂ ಭಾರ ಜಾಸ್ತಿ. ಸೀಟು ತಗ್ಗಿದ್ದಾಗ ಮಂಡಿ ಪ್ರತಿ ಸುತ್ತಿನಲ್ಲೂ ಜಾಸ್ತಿ ಮಡಿಸಿಕೊಂಡೇ ಒತ್ತಬೇಕು. ಚಿಪ್ಪು ಹಿಂದಿನ ಮೂಳೆಗೆ ಒತ್ತಿಕೊಳ್ಳುತ್ತದೆ. ನಿಮಿಷಕ್ಕೆ 80 ಸುತ್ತು ಅಂದರೂ ಹತ್ತು ಗಂಟೆಯ ಸವಾರಿಯಲ್ಲಿ 48 ಸಾವಿರ ಸಲ. ಸಣ್ಣ ತಪ್ಪೂ ಅಷ್ಟು ಸಲ ಆದರೆ ಸಣ್ಣದಾಗಿ ಉಳಿಯುವುದಿಲ್ಲ ಅಲ್ವಾ.

ಇನ್ನು ಒಳತೊಡೆಯ ಅಳತೆ. ಭಾವ ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಂತರು. ಮಗಳ ಪಿಯುಸಿ ಗಣಿತದ ಗೈಡನ್ನು ಕಾಲ ಸಂದಿಯಲ್ಲಿ ಸೀಟಿನ ಹಾಗೆ ಮೇಲಕ್ಕೆ ಒತ್ತಿ ಹಿಡಿದರು. ನೆಲದಿಂದ ಗೈಡಿನ ಮೇಲಂಚಿಗೆ 79 ಸೆಂ.ಮೀ. ಅಮೆರಿಕದ ಸೈಕಲ್ ರೇಸುಗಾರ ಗ್ರೆಗ್ ಲೆಮಾಂಡ್ ಹೆಸರಿನಲ್ಲಿ ಓಡಾಡುವ ಸೂತ್ರ ಇದನ್ನು 0.883ರಿಂದ ಗುಣಿಸು ಅನ್ನುತ್ತದೆ. 69.8 ಬಂತು. ಇನ್ನೊಂದು ಸೂತ್ರ 1967ರಲ್ಲಿ ಹ್ಯಾಮ್ಲಿ ಮತ್ತು ಥಾಮಸ್ ಅನ್ನುವ ಸಂಶೋಧಕರು ಕೊಟ್ಟದ್ದು. ಪೆಡಲಿನಿಂದ ಸೀಟಿಗೆ ಒಳತೊಡೆ ಅಳತೆಯ 109 ಪರ್ಸೆಂಟ್ ಇರಲಿ ಅನ್ನುತ್ತದೆ. ಅದರಲ್ಲಿ ಕ್ರ್ಯಾಂಕ್ ಉದ್ದ ಕಳೆದರೆ 68.9. ಒಂದೇ ಕಾಲು, ಎರಡು ಸೂತ್ರ, ನಡುವೆ 9 ಮಿ.ಮೀ. ವ್ಯತ್ಯಾಸ. ಸೂತ್ರಗಳು ಎಲ್ಲಿಂದ ಶುರು ಮಾಡಬೇಕು ಅಂತ ಹೇಳುತ್ತವೆ, ಎಲ್ಲಿ ನಿಲ್ಲಿಸಬೇಕು ಅಂತ ಹೇಳುವುದಿಲ್ಲ.

ಇದು ಗೊತ್ತಿದ್ದೂ ಅವತ್ತು ಕತ್ತಲಾಗುತ್ತಿತ್ತು ಅಂತ ಸೀದಾ 69.8ಕ್ಕೆ ಎತ್ತಿಬಿಟ್ಟೆ. ಒಂದೇ ಏಟಿಗೆ 2.9 ಸೆಂ.ಮೀ. ಇದು ಮೂರನೇ ತಪ್ಪು. ಒಂದು ಸಲಕ್ಕೆ 3-4 ಮಿ.ಮೀ. ಎತ್ತಿ, ಎರಡು-ಮೂರು ಸವಾರಿ ನೋಡಿ, ಮತ್ತೆ ಎತ್ತಬೇಕು. ಬೇರೆಯವರಿಗೆಲ್ಲ ನಾನೇ ಹೀಗೆ ಹೇಳಿಕೊಡುತ್ತೇನೆ.

ಡಾಕ್ಟರ್ ಹೇಳಿದ ಮೂರು ವಾರ ಮುಗಿದ ಮೇಲೆ ಭಾವ ನಂಜನಗೂಡಿಗೆ ಹೋಗಿ ಬಂದರು. ಮುಂದಿನ ನೋವು ಹೆಚ್ಚುಕಡಿಮೆ ಇಲ್ಲ. ಆದರೆ ವಾಪಸು ಬರುವಾಗ ಮಂಡಿಯ ಹಿಂದೆ ಹಗ್ಗ ಎಳೆದ ಹಾಗೆ ಅಂದರು. ಸೀಟಿನ ಮೇಲೆ ಚರ್ಮ ಉಜ್ಜಿ ಕೆಂಪಾಗಿತ್ತು. ಹಿಂದಿನಿಂದ ನೋಡಿದರೆ ಸೊಂಟ ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಕಾಲು ಎಟುಕದಾಗ ಮನುಷ್ಯ ಸೊಂಟ ಇಳಿಸಿ ಎಟುಕಿಸಿಕೊಳ್ಳುತ್ತಾನೆ. ತಗ್ಗು ಸೀಟಿಗೆ ಮುಂದೆ ನೋವು, ಎತ್ತರದ ಸೀಟಿಗೆ ಹಿಂದೆ ನೋವು. ಎಲ್ಲ ಸಲವೂ ಇಷ್ಟು ನೇರವಾಗಿ ಇರುವುದಿಲ್ಲ. ನಮಗೆ ಮಾತ್ರ ಪಾಠದಲ್ಲಿ ಬರೆದ ಹಾಗೇ ಆಯಿತು.

ಈ ಸಲ ಸರಿಯಾಗಿ ಕೂತೆವು. ಗೆಳೆಯನ ಮನೆಯಿಂದ ಹಿಂದಿನ ಚಕ್ರ ಎತ್ತಿ ಹಿಡಿಯುವ ಟ್ರೇನರ್ ತಂದೆ. ಮುಂದಿನ ಚಕ್ರದ ಕೆಳಗೆ ಇಟ್ಟಿಗೆ ಕೊಟ್ಟು ಸೈಕಲ್ ಮಟ್ಟ ಮಾಡಿದೆ. ಅಕ್ಕನ ಬಿಂದಿ ಪ್ಯಾಕೆಟ್ಟಿನಿಂದ ಮೂರು ದೊಡ್ಡ ಬಿಂದಿ. ಒಂದು ತೊಡೆ ಮೂಳೆ ಸೊಂಟದ ಪಕ್ಕ ಉಬ್ಬುವ ಕಡೆ, ಒಂದು ಮಂಡಿಯ ಹೊರಪಕ್ಕದ ನಡುವೆ, ಒಂದು ಕಣಕಾಲಿನ ಹೊರಗಂಟಿಗೆ. ಹತ್ತು ನಿಮಿಷ ಸುಮ್ನೆ ತುಳಿಯಲು ಬಿಟ್ಟೆ. ಮೈ ಬಿಸಿಯಾಗುವ ಮುಂಚೆ ಜನ ಬೇರೆ ಥರ ಕೂರುತ್ತಾರೆ, ಕ್ಯಾಮೆರಾ ನೋಡಿದರಂತೂ ಇನ್ನೂ ಬೇರೆ ಥರ. ಆಮೇಲೆ ಮೊಬೈಲನ್ನು ಮಂಡಿಯ ಎತ್ತರದಲ್ಲಿ, ಪಕ್ಕದಿಂದ ನೇರವಾಗಿ ನಿಲ್ಲಿಸಿ ಸ್ಲೋ ಮೋಷನ್ ತೆಗೆದೆ. ಪೆಡಲ್ ಪೂರ್ತಿ ಕೆಳಗೆ ಬಂದ ಚಿತ್ರದಲ್ಲಿ ನಿಲ್ಲಿಸಿ, ಸೋದರ ಸೊಸೆಯ ಜಾಮಿಟ್ರಿ ಬಾಕ್ಸಿನ ಕೋನಮಾಪಕವನ್ನು ಪರದೆ ಮೇಲೆ ಇಟ್ಟೆವು.

ಕಾಲು ಪೂರ್ತಿ ನೆಟ್ಟಗಿದ್ದರೆ ಸೊನ್ನೆ ಡಿಗ್ರಿ ಅಂತ ಲೆಕ್ಕ. ಕದಲದೆ ಕೂತು ಅಳೆದರೆ ಪೆಡಲ್ ಕೆಳಗಿರುವಾಗ ಮಂಡಿ 25ರಿಂದ 35 ಡಿಗ್ರಿ ಮಡಿಸಿರಬೇಕು ಅನ್ನುವುದು ರೂಢಿಯಲ್ಲಿರುವ ಮಾತು. ತುಳಿಯುತ್ತಿರುವಾಗ ವಿಡಿಯೋದಲ್ಲಿ ಅಳೆದರೆ ಕೆಲವು ಡಿಗ್ರಿ ಜಾಸ್ತಿ ಬರುತ್ತದೆ. ಎರಡನ್ನೂ ಬೆರೆಸಿ ಗೊಂದಲ ಮಾಡಿಕೊಳ್ಳುವವರು ಬಹಳ. ಭಾವನದ್ದು ವಿಡಿಯೋ ಲೆಕ್ಕ. ಸೀಟನ್ನು ಹಳೇ 66.9ಕ್ಕೆ ಇಳಿಸಿ ನೋಡಿದಾಗ 48 ಡಿಗ್ರಿ ಇತ್ತು. 69.1ರಲ್ಲಿ 39 ಬಂತು, ಸೊಂಟ ತೂಗುವುದೂ ನಿಂತಿತು. ಅಲ್ಲಿಗೇ ಬಿಗಿ ಮಾಡಿದೆ. ಅವತ್ತು ಸಂಖ್ಯೆಯನ್ನು ನೋಟ್‌ಬುಕ್ಕಿನಲ್ಲಿ ಬರೆದೆ.

ಮೂರನೇ ದಿನ ಫೋನ್ ಬಂತು. "ಮುಂದಿನ ನೋವು ವಾಪಸ್ ಬಂತಲ್ಲಪ್ಪಾ."

ಹೋಗಿ ಅಳೆದೆ. 68.4. ಎರಡು ಸವಾರಿಯಲ್ಲಿ 7 ಮಿ.ಮೀ. ಕಡಿಮೆ. ಈ ಸಲ ಭಾವ ಏನೂ ಹೇಳಲಿಲ್ಲ. ನನ್ನ ಮುಖ ನೋಡಿದರು, ಅಷ್ಟೇ.

ಸೀಟನ್ನು ಹೊತ್ತ ಕೊಳವೆ, ಅಂದರೆ ಸೀಟ್ ಪೋಸ್ಟ್, ಫ್ರೇಮಿನೊಳಗೆ ಹೋಗುವ ಜಾಗದಲ್ಲಿ, ಸರಿಯಾಗಿ ಅಂಚಿಗೆ, ಕಪ್ಪು ಇನ್ಸುಲೇಷನ್ ಟೇಪ್ ಒಂದು ಸುತ್ತು ಹಾಕಿದೆ. ವರುಣಾ ಕೆರೆ ತನಕ ಹೋಗಿ ಬನ್ನಿ ಅಂದೆ. ವಾಪಸು ಬಂದಾಗ ಟೇಪಿನ ಕೆಳ ಅಂಚು ಸುಕ್ಕಾಗಿ ಮೇಲಕ್ಕೆ ಮಡಿಸಿಕೊಂಡಿತ್ತು. ಪೋಸ್ಟ್ ಒಳಗೆ ಇಳಿದಿತ್ತು, ಟೇಪ್ ಹೊರಗೇ ಉಳಿದಿತ್ತು. ಒಂದು ಹಂಪು, ಒಂದು ಗುಂಡಿ, ಸ್ವಲ್ಪ ಸ್ವಲ್ಪವೇ ಜಾರಿ ಜನವರಿಯಿಂದ ಜುಲೈಗೆ ಎರಡು ಸೆಂ.ಮೀ. ಹೋಗಿದೆ. ದಿನಕ್ಕೆ ಕೂದಲೆಳೆಯಷ್ಟು ಇಳಿದರೆ ಕೂತವರಿಗೆ ಗೊತ್ತೇ ಆಗುವುದಿಲ್ಲ. ವಾರಕ್ಕೆ 60 ಕಿ.ಮೀ. ಇದ್ದಾಗ ಮಂಡಿ ಸಹಿಸಿಕೊಂಡಿತ್ತು, 150 ಆದಾಗ ಜಗಳ ತೆಗೆಯಿತು.

ಪೋಸ್ಟನ್ನು ಹಿಡಿದಿಡುವ ಕ್ಲಾಂಪ್ ಇನ್ನೂ ಬಿಗಿ ಮಾಡೋಣ ಅನ್ನಿಸುತ್ತದೆ. ಮಾಡಬೇಡಿ. ಆ ಬೋಲ್ಟುಗಳಿಗೆ ಸಾಮಾನ್ಯವಾಗಿ 5-6 ನ್ಯೂಟನ್ ಮೀಟರ್ ಅಂತ ಬರೆದಿರುತ್ತಾರೆ, ಅದಕ್ಕೂ ಮೀರಿ ತಿರುಚಿದರೆ ಬೋಲ್ಟು ಹೋಗುತ್ತದೆ, ಇಲ್ಲ ಫ್ರೇಮ್ ಹೋಗುತ್ತದೆ. ಪೋಸ್ಟ್ ಪೂರ್ತಿ ಹೊರಗೆ ಎಳೆದೆ. ಉದ್ದಕ್ಕೂ ಮೇಲಿಂದ ಕೆಳಕ್ಕೆ ಹೊಳೆಯುವ ಗೀರು. ಇಷ್ಟಕ್ಕಿಂತ ಮೇಲೆ ಎಳೆಯಬೇಡಿ ಅನ್ನುವ ಗೆರೆಯ ಹತ್ತಿರ ಸಣ್ಣಕ್ಕೆ ಕೊರೆದಿತ್ತು: 27.0, ಅಂದರೆ ಪೋಸ್ಟಿನ ವ್ಯಾಸ, ಮಿ.ಮೀ. ಲೆಕ್ಕದಲ್ಲಿ. ಪರಿಚಯದ ಲೇತ್ ಅಂಗಡಿಗೆ ಫ್ರೇಮ್ ಹೊತ್ತುಕೊಂಡು ಹೋಗಿ ವರ್ನಿಯರ್ ಹಾಕಿಸಿದೆ. ಫ್ರೇಮಿಗೆ ಬೇಕಾದದ್ದು 27.2. ಮಾರಿದವನು ಯಾವಾಗಲೋ ಪೋಸ್ಟ್ ಬದಲಿಸಿದ್ದಾನೆ. 0.2 ಮಿ.ಮೀ. ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ, ಕ್ಲಾಂಪ್ ಬಿಗಿ ಮಾಡಿದರೆ ಹಿಡಿದ ಹಾಗೇ ಇರುತ್ತದೆ.

ಲೇತ್ ಅಂಗಡಿಯವರು ತಂಪು ಪಾನೀಯದ ಖಾಲಿ ಕ್ಯಾನ್ ಕತ್ತರಿಸಿ ಒಂದು ಪಟ್ಟಿ ಮಾಡಿ ಪೋಸ್ಟಿಗೆ ಸುತ್ತಿದರು. ಕ್ಯಾನಿನ ತಗಡು ಸುಮಾರು 0.1 ಮಿ.ಮೀ. ದಪ್ಪ. ಎರಡೂ ಕಡೆ ಸೇರಿ ಸರಿಯಾಗಿ 0.2. ಬೆಂಗಳೂರಿನಿಂದ 27.2 ಪೋಸ್ಟ್ ಬರುವ ತನಕ ಒಂದು ವಾರ ಅದೇ ಓಡಿತು, ಒಂದು ಕೂದಲೂ ಜಾರಲಿಲ್ಲ. ಹೊಸ ಪೋಸ್ಟ್‌ಗೆ ನಾನು 1,100 ರೂಪಾಯಿ ಕೊಟ್ಟೆ. ಆ ಕ್ಯಾನಿನ ತುಂಡೇ ಸಾಕಿತ್ತಲ್ಲ ಅಂತ ಭಾವ ಈಗಲೂ ಹೇಳುತ್ತಾರೆ.

ಹೊಸ ಪೋಸ್ಟಿನ ತಲೆ ಹಳೆಯದರಷ್ಟು ಹಿಂದಕ್ಕೆ ಬಾಗಿರಲಿಲ್ಲ. ಹಾಗಾಗಿ ಸೀಟು ಸುಮಾರು 1 ಸೆಂ.ಮೀ. ಮುಂದೆ ಬಂತು. ಸೀಟು ಮುಂದೆ ಬಂದರೂ ಮಂಡಿ ಜಾಸ್ತಿ ಮಡಿಸುತ್ತದೆ, ಅದನ್ನು ಹಾಗೇ ಬಿಟ್ಟಿದ್ದರೆ ಅದೇ ನೋವು ಬೇರೆ ಬಾಗಿಲಿನಿಂದ ಬರುತ್ತಿತ್ತು. ಗಾರೆಯವರು ಗೋಡೆ ನೆಟ್ಟಗಿದೆಯಾ ಅಂತ ನೋಡುವ ದಾರ-ಗುಂಡನ್ನು ತಂದು, ಕ್ರ್ಯಾಂಕ್ ನೆಲಕ್ಕೆ ಸಮನಾಗಿ ಮುಂದೆ ನಿಂತಾಗ ಮಂಡಿಚಿಪ್ಪಿನ ಕೆಳಗಿನಿಂದ ಇಳಿಬಿಟ್ಟೆವು. ಅದು ಪೆಡಲ್ ಕಡ್ಡಿಯ ಮೇಲೆ ಬೀಳುವ ತನಕ ಸೀಟು ಹಿಂದಕ್ಕೆ ತಳ್ಳಿದೆ. ಈ ದಾರದ ಲೆಕ್ಕಕ್ಕೆ ಭೌತಶಾಸ್ತ್ರದ ಆಧಾರ ಏನೂ ಇಲ್ಲ ಅಂತ ಸೈಕಲ್ ತಯಾರಕ ಕೀತ್ ಬಾಂಟ್ರೇಗರ್ ಎಂದೋ ಬರೆದಿದ್ದಾರೆ, ನನಗೂ ಅದು ಸರಿ ಅನ್ನಿಸುತ್ತದೆ. ಆದರೂ ಮೊದಲು ಎಲ್ಲಿತ್ತೋ ಅಲ್ಲಿಗೆ ವಾಪಸು ಹೋಗೋದಕ್ಕೆ ಒಂದು ಗುರುತು ಬೇಕಲ್ಲ. ಸೀಟು ಹಿಂದಕ್ಕೆ ಹೋದರೆ ಕಾಲಿಗೆ ದೂರ ಜಾಸ್ತಿ ಆಗುತ್ತದೆ. ಅದಕ್ಕೇ ಕೊನೆಯಲ್ಲಿ ಎತ್ತರ ಮತ್ತೆ ಅಳೆದು 69.1ಕ್ಕೆ ತಂದೆ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆಗಸ್ಟ್ ಕೊನೆಗೆ ಭಾವ ತಿ. ನರಸೀಪುರದ ರಸ್ತೆಯಲ್ಲಿ 70 ಕಿ.ಮೀ. ಮಾಡಿ ಬಂದರು. ಮುಂದೆ ನೋವಿಲ್ಲ, ಹಿಂದೆ ನೋವಿಲ್ಲ. ಆದರೆ 55 ದಾಟಿದ ಮೇಲೆ ಬಲ ಮಂಡಿಯ ಹೊರಪಕ್ಕದಲ್ಲಿ ಚುಚ್ಚುತ್ತದೆ ಅಂದರು. ಹಿಂದೆ 25ಕ್ಕೇ ಇಳಿದುಬಿಡುತ್ತಿದ್ದರಲ್ಲ, ಇದು ಬರುವಷ್ಟು ದೂರ ಹೋಗೇ ಇರಲಿಲ್ಲ.

ಮತ್ತೆ ಟ್ರೇನರ್. ಈ ಸಲ ಕ್ಯಾಮೆರಾ ಎದುರಿನಿಂದ. ಎಡ ಮಂಡಿ ಹೊಲಿಗೆ ಯಂತ್ರದ ಸೂಜಿಯ ಹಾಗೆ ನೆಟ್ಟಗೆ ಮೇಲೆ ಕೆಳಗೆ. ಬಲ ಮಂಡಿ ಮೇಲೆ ಬರುವಾಗ ಹೊರಗೆ ಹೋಗಿ, ಇಳಿಯುವಾಗ ಒಳಗೆ ಬಂದು, ಸಣ್ಣ ಸೊನ್ನೆ ಬರೆಯುತ್ತಿತ್ತು. ಬೆವರು ಒರೆಸಿಕೊಂಡು ಭಾವ ಸ್ನಾನಕ್ಕೆ ಹೋದರು. ಬಚ್ಚಲಿನಿಂದ ಹೊರಗೆ ಬಂದಾಗ ಹಳೇ ಮನೆಯ ಕೆಂಪು ಗಾರೆ ನೆಲದ ಮೇಲೆ ಒದ್ದೆ ಹೆಜ್ಜೆ ಸಾಲು ಬಿತ್ತು. ಎಡ ಪಾದ ನೇರ. ಬಲ ಪಾದ ಗಡಿಯಾರದಲ್ಲಿ ಒಂದು ಗಂಟೆಯ ಕಡೆ ತೋರಿಸುತ್ತಿತ್ತು. ಪ್ರತಿ ಹೆಜ್ಜೆಯೂ ಹಾಗೇ. ನಾನು ಅಲ್ಲೇ ಕುಕ್ಕರಗಾಲಲ್ಲಿ ಕೂತು ಒಣಗುವ ಮುಂಚೆ ಫೋಟೋ ತೆಗೆದುಕೊಂಡೆ. ಅಕ್ಕ ಒಗೆದ ಬಟ್ಟೆ ಹಿಡಿದು ದಾಟಲಾರದೆ ನಿಂತಿದ್ದಳು. "ಇಪ್ಪತ್ತು ವರ್ಷದಿಂದ ಹಾಗೇ ನಡೀತಾರೆ. ನನ್ನ ಕೇಳಿದ್ರೆ ಹೇಳ್ತಿರ್ಲಿಲ್ವಾ?" ಅಂದಳು.

ಮೇಜಿನ ಅಂಚಿನಲ್ಲಿ ಕೂರಿಸಿ ಕಾಲು ಇಳಿಬಿಡಿಸಿ ನೋಡಿದೆ, ಅಲ್ಲೂ ಬಲಗಾಲ ಬೆರಳು ಹೊರಗೆ. ಆದರೆ ಶೂನಲ್ಲಿ ಕ್ಲೀಟ್ ನೆಟ್ಟಗಿತ್ತು. ರೂಲರ್ ಇಟ್ಟು ನೆಟ್ಟಗೆ ಹಾಕಿದವನೂ ನಾನೇ. ಸಾಲದ್ದಕ್ಕೆ ಅವು ಕೆಂಪು ಕ್ಲೀಟ್. ಸೈಕಲ್ ಮಾರಿದ ಹುಡುಗ ಪೆಡಲ್ ಜೊತೆ ಕೊಟ್ಟಿದ್ದ. ಶಿಮಾನೊ ರೋಡ್ ಪೆಡಲ್‌ಗೆ ಬರುವ ಮೂರು ಬಣ್ಣದಲ್ಲಿ ಕೆಂಪು ಅಂದರೆ ಪಾದ ಸ್ವಲ್ಪವೂ ತಿರುಗುವುದಿಲ್ಲ, ಸೊನ್ನೆ ಡಿಗ್ರಿ. ನೀಲಿ ಎರಡು ಡಿಗ್ರಿ ಬಿಡುತ್ತದೆ, ಹಳದಿ ಆರು. ಕೆಂಪು ರೇಸಿನವರಿಗೆ, ಅದೂ ತಮ್ಮ ಪಾದ ಎಲ್ಲಿ ನಿಲ್ಲುತ್ತದೆ ಅಂತ ಸರಿಯಾಗಿ ಗೊತ್ತಿರುವವರಿಗೆ. ಹೊರಗೆ ತಿರುಗಬೇಕು ಅನ್ನುವ ಪಾದವನ್ನು ನೇರಕ್ಕೆ ಬೀಗ ಹಾಕಿದ ಹಾಗಾಗಿತ್ತು. ಪಾದ ಪೆಡಲ್‌ನಲ್ಲಿ ಸಿಕ್ಕಿಕೊಂಡಿದೆ, ಸೊಂಟ ಸೀಟಿನಲ್ಲಿ ಕೂತಿದೆ. ತಿರುಚೆಲ್ಲ ನಡುವೆ ಇರುವ ಮಂಡಿಗೆ.

ಹಳದಿ ಕ್ಲೀಟ್ ತಂದೆ. ಬಲ ಶೂನಲ್ಲಿ ಕ್ಲೀಟಿನ ಮೂತಿಯನ್ನು ಹೆಬ್ಬೆರಳಿನ ಕಡೆಗೆ ಸ್ವಲ್ಪ ತಿರುಗಿಸಿದೆ. ಇಲ್ಲಿ ಎಲ್ಲರೂ ಎಡವುತ್ತಾರೆ. ಬೆರಳು ಹೊರಗೆ ಹೋಗಬೇಕಾದರೆ ಕ್ಲೀಟ್ ಒಳಗೆ ತಿರುಗಬೇಕು. ಪೆಡಲ್‌ನಲ್ಲಿ ಕ್ಲೀಟ್ ಯಾವಾಗಲೂ ನೆಟ್ಟಗೇ ನಿಲ್ಲುತ್ತದೆ, ತಿರುಗುವುದು ಶೂ. ನಾನೂ ಮೊದಲ ಸಲ ಉಲ್ಟಾ ಮಾಡಿ, ಭಾವ ಬೈದ ಮೇಲೆ ಬಿಚ್ಚಿ ಹಾಕಿದೆ. ಹಿಮ್ಮಡಿ ಒಳಗೆ ಬಂದಾಗ ಕ್ರ್ಯಾಂಕಿಗೆ ಉಜ್ಜುತ್ತದೆಯಾ ಅಂತ ಕೈಯಲ್ಲಿ ತಿರುಗಿಸಿ ನೋಡಿದೆ, ಒಂದು ಬೆರಳು ಸಂದಿ ಇತ್ತು. ಎಡ ಶೂನಲ್ಲಿ ಬಣ್ಣ ಮಾತ್ರ ಬದಲಾಯಿತು, ದಿಕ್ಕು ಮುಟ್ಟಲಿಲ್ಲ. ಎರಡೂ ಕಾಲು ಒಂದೇ ಥರ ಇರಬೇಕು ಅಂತ ಎಲ್ಲೂ ಬರೆದಿಲ್ಲ. ಎದುರಿನ ವಿಡಿಯೋದಲ್ಲಿ ಸೊನ್ನೆ ಚಪ್ಪಟೆಯಾಗಿ ಗೆರೆಯ ಹತ್ತಿರ ಬಂತು. ಪೂರ್ತಿ ಗೆರೆ ಆಗಲಿಲ್ಲ, ಆಗಬೇಕಾಗಿಯೂ ಇಲ್ಲ.

ತುಳಿಯುವ ರೀತಿಯ ಬಗ್ಗೆಯೂ ಒಂದು ಮಾತು. ಭಾವ ಭಾರದ ಗೇರಿನಲ್ಲಿ ನಿಧಾನಕ್ಕೆ ಒತ್ತುವವರು. ಬಾಲ್ಯದ ಗೇರಿಲ್ಲದ ಅಟ್ಲಾಸ್ ಸೈಕಲ್ಲಿನ ಅಭ್ಯಾಸ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸಿದರೆ ನಿಮಿಷಕ್ಕೆ 60 ಸುತ್ತು. ಹಗುರ ಗೇರಿಗೆ ಇಳಿಸಿ 80ರ ಹತ್ತಿರ ತುಳಿಯಿರಿ ಅಂದೆ. ಅಷ್ಟೇ ವೇಗಕ್ಕೆ ಸುತ್ತು ಜಾಸ್ತಿ, ಪ್ರತಿ ಸುತ್ತಿಗೆ ಒತ್ತು ಕಡಿಮೆ. ಬೆಟ್ಟಕ್ಕಾಗಿ ಹಿಂದಿನ ಕ್ಯಾಸೆಟ್, ಅಂದರೆ ಹಲ್ಲುಚಕ್ರಗಳ ಗೊಂಚಲನ್ನು, 11-25 ಹಲ್ಲಿನದು ಇದ್ದದ್ದನ್ನು 11-28 ಮಾಡಿಸಿದೆವು. 172.5 ಕ್ರ್ಯಾಂಕ್ ಬದಲು 165 ಹಾಕಿದ್ದರೆ ಪೆಡಲ್ ಮೇಲೆ ಬಂದಾಗ ಮಂಡಿ ಇನ್ನೂ ಕಡಿಮೆ ಮಡಿಸುತ್ತಿತ್ತು. ಖರ್ಚು ಕೇಳಿ ಭಾವ ಟೀಗೆ ಎದ್ದು ಹೋದರು, ಆ ಮಾತು ಅಲ್ಲಿಗೇ ನಿಂತಿತು.

ಈ ನಡುವೆ ಒಂದು ದಿನ ಅವರಿಗೆ ಬೇಜಾರಾಗಿತ್ತು. ಫ್ರಾನ್ಸಿನ ಸೈಕಲ್ ರೇಸುಗಾರ ಬರ್ನಾರ್ ಇನೊ ಕಥೆ ಹೇಳಿದೆ. 1980ರ ಟೂರ್ ಡಿ ಫ್ರಾನ್ಸ್‌ನಲ್ಲಿ ಮುಂದೆ ಇದ್ದು, ಹಳದಿ ಜೆರ್ಸಿ ತೊಟ್ಟುಕೊಂಡೇ ಮಂಡಿ ನೋವಿಗೆ ರೇಸು ಬಿಟ್ಟು ಹೋದವನು. ಅದೇ ವರ್ಷ ವಿಶ್ವ ಚಾಂಪಿಯನ್ ಆದ. "ಅವನಿಗೆ ಬ್ಯಾಂಕಲ್ಲಿ ಕ್ವಾರ್ಟರ್ ಎಂಡ್ ಇರ್ಲಿಲ್ಲ" ಅಂದರು.

ಡಿಸೆಂಬರಿನಲ್ಲಿ ಭಾವ 200 ಕಿ.ಮೀ. ಮುಗಿಸಿದರು, 11 ಗಂಟೆ 40 ನಿಮಿಷ. ಬಲ ಮಂಡಿ ಸುದ್ದಿಯೇ ಇರಲಿಲ್ಲ. ಮಾರನೇ ದಿನ ಮೆಟ್ಟಿಲನ್ನು ಎಲ್ಲರ ಹಾಗೆ ಮುಂದೆ ನೋಡಿಕೊಂಡು ಇಳಿದರು ಅಂತ ಅಕ್ಕನೇ ಫೋನ್ ಮಾಡಿದಳು. ಹೊಸ ಪೋಸ್ಟಿಗೂ ಕಪ್ಪು ಟೇಪ್ ಹಾಕಿದ್ದೇವೆ, ಅಂಚು ಇನ್ನೂ ಸುಕ್ಕಾಗಿಲ್ಲ.

ಆದರೆ 140 ಕಿ.ಮೀ. ಆದ ಮೇಲೆ ಎರಡೂ ಅಂಗೈ ಜೋಮು ಹಿಡಿದಿತ್ತಂತೆ. ಹಿಡಿಯದೆ ಏನು. ಸೀಟು ಎರಡು ಸೆಂ.ಮೀ. ಮೇಲೆ ಹೋಗಿದೆ, ಹ್ಯಾಂಡಲ್ ಇದ್ದಲ್ಲೇ ಇದೆ, ಮೈಭಾರ ಕೈ ಮೇಲೆ ಬಿದ್ದಿದೆ. ಹ್ಯಾಂಡಲನ್ನು ಹಿಡಿದಿರುವ ತುಂಡು, ಅಂದರೆ ಸ್ಟೆಮ್, 10 ಸೆಂ.ಮೀ. ಉದ್ದ, ಆರು ಡಿಗ್ರಿ ಕೆಳಗೆ ನೋಡುತ್ತಿದೆ. ತಿರುಗಿಸಿ ಹಾಕಿದರೆ ಸುಮಾರು ಎರಡು ಸೆಂ.ಮೀ. ಮೇಲೇಳುತ್ತದೆ. ಭಾನುವಾರ ಬನ್ನಿ ಅಂದಿದ್ದೇನೆ. ಈಗಿನ ಹ್ಯಾಂಡಲ್ ಎತ್ತರ ನೆಲದಿಂದ 88.2, ಬಿಚ್ಚುವ ಮುಂಚೆಯೇ ಬರೆದಿಟ್ಟುಕೊಂಡಿದ್ದೇನೆ.